ಎಡಗಡೆ ಹೋಗಬ್ಯಾಡ್ರೋ

ಏಳು ಜನ ಬೇಕು. ನಮ್ಮಲ್ಲಿ ಆರು ಖಾತ್ರಿ.
ಏಳನೆಯವನಿಗಾಗಿ
ಹಾಲಪ್ಪನ ಅಂಗಡಿಯಲ್ಲಿ ಇದು ಮೂರನೇ ತಟ್ಟೆ ಮಿರ್ಚಿ.

ನಾನು ಆಡುವವನಲ್ಲ. ಮಂಡಿಪೇಟೆಯ ದಲ್ಲಾಳಿ ಅಂಗಡಿಯಲ್ಲಿ
ಹಗಲೆಲ್ಲ ಮೆಕ್ಕೆಜೋಳದ ತೂಕ ಬರೆದು
ಸಂಜೆ ಅದೇ ಪೆನ್ನಿನಲ್ಲಿ ಕಬಡ್ಡಿ ಬರೆಯುತ್ತೇನೆ.
ಕೆಂಪು ರಟ್ಟಿನ ಉದ್ದ ಪುಸ್ತಕ,
ಜಮೆಯ ಕಡೆ ದಾಳಿ, ಖರ್ಚಿನ ಕಡೆ ಔಟು,
ನಡುವೆ ಸ್ಕೇಲಿಟ್ಟು ಎಳೆದ ಸಣ್ಣ ಸಣ್ಣ ಮನೆ.

"ಪುಸ್ತಕ ತೆಗೀರಿ ಸಾರ್" ಅಂದ ಕೊಟ್ರೇಶ,
ಕೋರ್ಟಿನಲ್ಲಿ ಸಾಕ್ಷಿ ಕರೆದ ಹಾಗೆ.
ತೆಗೆದೆ.
ಓಬಳೇಶ: ನೂರಾ ಹನ್ನೆರಡು ದಾಳಿ, ಅರವತ್ತೊಂದು ಪಾಯಿಂಟು.
ಜಬೀವುಲ್ಲಾ: ಹದಿನಾಲ್ಕು ಮ್ಯಾಚು, ಮೂರು.
"ಮುಗೀತಲ್ಲ! ಅರವತ್ತೊಂದು ದೊಡ್ಡದೋ ಮೂರು ದೊಡ್ಡದೋ
ಮೂರನೇ ಕ್ಲಾಸಿನ ನನ್ನ ಮಗಳನ್ನ ಕೇಳು."

ಪರಸಪ್ಪ ಮೆಣಸಿನಕಾಯಿ ತೊಟ್ಟು ಕಿತ್ತು ಬದಿಗಿಟ್ಟ.
ಮೂವತ್ತು ವರ್ಷದ ಹಿಂದೆ ಮಿಲ್ಲಿನ ಟೀಮಿಗೆ ಆಡಿದವ;
ಮಿಲ್ಲು ಹೋಯಿತು, ಮೊಣಕಾಲು ಹೋಯಿತು, ಬಾಯಿ ಉಳಿದಿದೆ.
"ಆ ಅರವತ್ತೊಂದರಾಗೆ
ಮಲೇಬೆನ್ನೂರಿನ ಮೀಸೆ ಬರದ ಹುಡುಗರ ಮೇಲೆ ಎಷ್ಟು, ಅದನ್ನೂ ಓದ್ರಿ."
ಓದಿದೆ. ನಲವತ್ತು.
ಹಾಲಪ್ಪ ಬಾಣಲೆಯ ಆಚೆಯಿಂದಲೇ ನಕ್ಕ.

"ಈಗ ಹೇಳು. ಮುರುಗೇಶ ಕಾಲಿಗೆ ಬೀಳ್ತಾನೆ,
ಶಿಳ್ಳೆ ಮುರುಗೇಶಗೆ, ಪಾಯಿಂಟು ಮುರುಗೇಶಗೆ.
ಬಿದ್ದೋನ ಇನ್ನೊಂದು ಕೈ ಯಾರ ಕೈಯಾಗಿತ್ತು?
ಆ ಕೈ ಬಿಟ್ಟಿದ್ರೆ, ಬಂದೋನು ಇವನ್ನ
ನಡುಗೆರೆತನಕ ಚೀಲ ಎಳೆದಂಗೆ ಎಳ್ಕೊಂಡು ಹೋಗ್ತಿದ್ದ!
ಅದಕ್ಕೆ ನಿಮ್ಮ ಪುಸ್ತಕದಾಗೆ ಮನೆ ಎಲ್ಲೈತೆ?"
ಇರಲಿಲ್ಲ.

ಇನ್ನೂ ಒಂದು ಇತ್ತು, ನಾನು ಹೇಳಲಿಲ್ಲ:
ಜಗಳೂರಿನಲ್ಲಿ ಕರೆಂಟು ಹೋದ ಆ ಅರ್ಧ ನಿಮಿಷ,
ದೀಪ ಬಂದಾಗ ನೆಲದ ಮೇಲೆ ಐದು ಜನರ ರಾಶಿ,
ಹಿಡಿದವರು ಯಾರೆಂದು ಕಾಣದೆ
ರೂಢಿಯಂತೆ ಮುರುಗೇಶ ಎಂದು ಬರೆದೆ.
ಆಮೇಲೆ ರಾಶಿ ಬಿಚ್ಚಿತು. ತಳದಲ್ಲಿ, ಪಾದಕ್ಕೆ ಸುತ್ತಿದ್ದ ಅಂಗೈ
ಮಂಡಕ್ಕಿ ಭಟ್ಟಿಯ ಮರಳಿಗೆ ಕಾದು ಕಾದು ಜಡ್ಡುಗಟ್ಟಿತ್ತು.
ಅಂಥ ಕೈ ನಮ್ಮ ಟೀಮಿನಲ್ಲಿ ಒಂದೇ ಜೊತೆ.

ಒಂದು ಸಾಲು ತಿದ್ದಿದರೆ ಇಡೀ ಪುಸ್ತಕ ತಿದ್ದಬೇಕಾಗುತ್ತದೆ,
ಮಂಡಿಯಲ್ಲಿ ಕಲಿತ ಬುದ್ಧಿ. ಚಹಾ ಕುಡಿದೆ.

ಅಷ್ಟರಲ್ಲಿ ಅವನೇ ಬಂದ, ಹೆಗಲ ಮೇಲೆ ಚೀಲ,
ಹಾಲಪ್ಪನಿಗೆ ಮಂಡಕ್ಕಿ ಹಾಕಲು.
ಎಲ್ಲರಿಗೂ ಒಮ್ಮೆಲೇ ಚಟ್ನಿ ಖಾರವಾಯಿತು.
ಅವನು ಬಗ್ಗಿ ಪುಸ್ತಕ ನೋಡಿದ.
"ನನ್ನ ಸಾಲಲ್ಲಿ ಬಾಳ ಜಾಗ ಖಾಲಿ ಐತಲ್ಲ ಸಾರ್,
ಈ ವಾರದ ಚೀಲದ ಲೆಕ್ಕ ಬರ್ಕಳ್ಲಾ? ಚೀಟಿ ಕಳೆದೈತೆ."
ಬರೆದ. ಹನ್ನೆರಡು, ಹದಿನೆಂಟು, ಒಂಬತ್ತು, ಇಪ್ಪತ್ತೆರಡು.
ಮನೆಗೊಂದು, ಗೆರೆ ಮುಟ್ಟದ ದುಂಡು ಅಂಕಿ.

ರಾತ್ರಿ ಹನ್ನೊಂದಕ್ಕೆ ಓಬಳೇಶ ಎಂದು ತೀರ್ಮಾನವಾಯಿತು.
ಪರಸಪ್ಪ ಸಿಟ್ಟಿಗೆ ಕೊಟ್ರೇಶನ ಚಪ್ಪಲಿ ಮೆಟ್ಟಿಕೊಂಡು ಹೋದ.
ಭಾನುವಾರ ಬೆಳಗ್ಗೆ ಓಬಳೇಶನ ಫೋನು:
"ಅಕ್ಕನ್ನ ನೋಡಾಕೆ ಬಂದಾರೆ, ಬರಾಕಾಗಲ್ಲ."

ಹರಿಹರ. ಹೊಳೆಯ ಗಾಳಿ, ನೀರು ಚಿಮುಕಿಸಿದ ಅಂಕಣ.
ಅವರ ಕ್ಯಾಪ್ಟನ್ ಪೆನ್ನು ಕೇಳುವ ನೆವದಲ್ಲಿ
ಹೆಗಲಾಚೆಯಿಂದ ನನ್ನ ಪುಸ್ತಕಕ್ಕೆ ಕಣ್ಣು ಹಾಕಿದ.
ಹನ್ನೆರಡು. ಹದಿನೆಂಟು. ಒಂಬತ್ತು. ಇಪ್ಪತ್ತೆರಡು.
ಮುಚ್ಚಬಹುದಿತ್ತು. ಮುಚ್ಚಲಿಲ್ಲ.
ಓಡಿಹೋಗಿ ತನ್ನವರಿಗೆ ಪಿಸುಗುಟ್ಟಿದ್ದು ನನಗೂ ಕೇಳಿತು:
"ಎಡಗಡೆ ಹೋಗಬ್ಯಾಡ್ರೋ."

ನಲವತ್ತು ನಿಮಿಷ ಯಾರೂ ಹೋಗಲಿಲ್ಲ.
ಬಂದವರೆಲ್ಲ ಬಲಕ್ಕೇ ಬಂದರು, ಬಲದಲ್ಲೇ ಸಿಕ್ಕಿಬಿದ್ದರು.
ಜಬೀವುಲ್ಲಾ ಮುರುಗೇಶನ ಕೈ ಹಿಡಿದು
ನಿಂತೇ ಇದ್ದ, ಜಾತ್ರೆಯಲ್ಲಿ ತಮ್ಮನನ್ನು ಕಾಯುವ ಹಾಗೆ.

ಗೆದ್ದೆವು, ಆರು ಪಾಯಿಂಟಿನಿಂದ.
ಅವನ ಸಾಲಿನಲ್ಲಿ, ಆ ದಿನದ ಮನೆಯಲ್ಲಿ,
ಈ ಸಲ ಕಣ್ಣಾರೆ ನೋಡಿ ಬರೆದೆ:
ಸೊನ್ನೆ.

ವಾಪಸು ಬಸ್ಸಿನಲ್ಲಿ ಅವನು ಪಕ್ಕಕ್ಕೆ ಬಂದು ಕೂತ.
"ಚೀಲದ ಲೆಕ್ಕ ಕೂಡಿ ಕೊಡ್ರಿ ಸಾರ್, ಮಾಲೀಕ ಕೇಳ್ತಾನೆ."
ಕೂಡಿದೆ. ಅರವತ್ತೊಂದು.
ಇನ್ನೊಮ್ಮೆ ಕೂಡಿದೆ.